ಅರಿಶಿನದ ಕಲೆ, ಎರೆಮಣ್ಣು ಮತ್ತು ಬಿಸಿಲು

ಬಿಳಿ ಪಂಚೆಗೆ ಹುಳಿಯ ಅರಿಶಿನ ತಗುಲಿದರೆ ನಮ್ಮ ಗೃಹಿಣಿಯರು ಗಾಬರಿಯಾಗುವುದಿಲ್ಲ. ಒಗೆದು ಬಿಸಿಲಿಗೆ ಹರವುತ್ತಾರೆ. ಸಂಜೆಯ ಹೊತ್ತಿಗೆ ಹಳದಿ ಮಾಸಿರುತ್ತದೆ. ಪರ್ತಿನ ಬಿಸಿಲಿಗಂತೂ ಇದು ಸುಲಭದ ಕೆಲಸ. ಬಣ್ಣದ ಅಣುಗಳು ಬೆಳಕನ್ನು ಹೀರಿ ಒಡೆದುಹೋಗುವುದೇ ಇದರ ಗುಟ್ಟು. ಅಣುಗಳು ಬಟ್ಟೆಯ ಬದಲು ಜೇಡಿಮಣ್ಣಿಗೆ ಅಂಟಿಕೊಂಡಿದ್ದರೆ ಏನಾದೀತು? ವಿಜ್ಞಾನಿಗಳು ಬಹಳ ಕಾಲದಿಂದ ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ.

ಬ್ರಿಸ್ಬೇನಿನಿಂದ ಪಶ್ಚಿಮಕ್ಕೆ ಟೂವೂಂಬಾ ದಾಟಿದರೆ ಡಾರ್ಲಿಂಗ್ ಡೌನ್ಸ್. ಅಲ್ಲಿಯ ಕಪ್ಪು ಹೊಲಗಳನ್ನು ಕಂಡಾಗ ಧಾರವಾಡ, ವಿಜಯಪುರದ ಕಡೆಯವರಿಗೆ ಊರು ನೆನಪಾಗದೆ ಇರದು. ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಅದೇ ಎರೆಮಣ್ಣು! ಎರಡರಲ್ಲೂ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಹೇರಳ. ಇದು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುತ್ತದೆ; ಒಂದು ಪದರದ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಒಂದು ಗ್ರಾಂ ಜೇಡಿಯ ಪದರಗಳ ಮೈಯನ್ನೆಲ್ಲ ಲೆಕ್ಕ ಹಾಕಿದರೆ ಸುಮಾರು 750 ಚದರ ಮೀಟರ್, ಅಂದರೆ ಮೂರು ಟೆನಿಸ್ ಅಂಕಣಗಳಷ್ಟು. ಈ ಮೈಮೇಲೆ ಋಣವಿದ್ಯುತ್ತು ಇರುವುದರಿಂದ ಧನವಿದ್ಯುತ್ತುಳ್ಳ ಅಣುಗಳು ಬಂದು ಗಟ್ಟಿಯಾಗಿ ಅಂಟುತ್ತವೆ. ಜೇಡಿ ನೀರು ಕುಡಿದು ಉಬ್ಬುವ ಬಗೆಯನ್ನು ಪ್ರೊ. ಜೆ. ಪಿ. ಕ್ವರ್ಕ್ ಅವರು ಪರ್ತಿನ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲೂ ಅಡಿಲೇಡಿನ ವೇಟ್ ಸಂಸ್ಥೆಯಲ್ಲೂ ದೀರ್ಘಕಾಲ ಅಭ್ಯಾಸ ಮಾಡಿದರು.

ಹೀಗೆ ಅಂಟಿದ ಅಣುವಿನ ಮೇಲೆ ಬೆಳಕು ಬಿದ್ದಾಗ ಸೋಜಿಗಗಳು ನಡೆಯುತ್ತವೆ. ನೀರಿನಲ್ಲಿ ತಮ್ಮಷ್ಟಕ್ಕೆ ಅಲೆಯುವ ಸ್ಟಿಲ್ಬೀನ್ ಜಾತಿಯ ಅಣುಗಳು ಜೇಡಿಯ ಪದರಗಳ ನಡುವೆ ಪಂಕ್ತಿಯೂಟಕ್ಕೆ ಕುಳಿತಂತೆ ಸಾಲಾಗಿ ಕೂರುತ್ತವೆ. ಬೆಳಕು ಬಿದ್ದರೆ ಅಕ್ಕಪಕ್ಕದ ಎರಡು ಅಣುಗಳು ಕೂಡಿ ಒಂದಾಗುತ್ತವೆ. 1985ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಬಿಸಿಲಿಗೆ ಬೇಗ ಕೆಡುವ ಒಂದು ಕೀಟನಾಶಕವನ್ನು ಮೀಥೈಲ್ ಗ್ರೀನ್ ಎಂಬ ಹಸಿರು ಬಣ್ಣದ ಜೊತೆಗೆ ಜೇಡಿಗೆ ಅಂಟಿಸಿದರು. ಕೀಟನಾಶಕ ಹೀರಿದ ಶಕ್ತಿಯನ್ನು ಬಣ್ಣವು ತಾನು ಪಡೆದುಕೊಂಡು ಅದನ್ನು ಕಾಪಾಡಿತು!

ರೈತನಿಗಂತೂ ಇದು ಲಾಭನಷ್ಟದ ಮಾತು. ಟ್ರೈಫ್ಲುರಾಲಿನ್ ಎಂಬ ಕಳೆನಾಶಕವನ್ನು ನೆಲದ ಮೇಲೆ ಹಾಗೇ ಬಿಟ್ಟರೆ ಸ್ವಲ್ಪ ಆವಿಯಾಗಿ, ಸ್ವಲ್ಪ ಬಿಸಿಲಿಗೆ ಒಡೆದು ವ್ಯರ್ಥವಾಗುತ್ತದೆ. ಆದ್ದರಿಂದಲೇ ಪರ್ತ್, ಅಡಿಲೇಡ್ ಸುತ್ತಲಿನ ಗೋಧಿ ಬೆಳೆಗಾರರು ಅದನ್ನು ಬಿತ್ತನೆಯ ಹೊತ್ತಿಗೆ ಮಣ್ಣಿನಲ್ಲಿ ಬೆರೆಸುತ್ತಾರೆ. ಪ್ಯಾರಾಕ್ವಾಟಿನ ಕಥೆ ಬೇರೆ. ಧನವಿದ್ಯುತ್ತುಳ್ಳ ಅದು ಜೇಡಿಯ ಪದರಗಳೊಳಗೆ ನುಗ್ಗಿ ಗಿಡ ಕೊಲ್ಲುವ ಬಲ ಕಳೆದುಕೊಳ್ಳುತ್ತದೆ. ಆದರೆ ಬಿಸಿಲಾಗಲಿ ಸೂಕ್ಷ್ಮಜೀವಿಗಳಾಗಲಿ ಸುಲಭವಾಗಿ ಮುಟ್ಟದ ಆ ಮೂಲೆಯಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತದೆ. ವಿಷ ಅಡಗಿತೇ ಹೊರತು ಅಳಿಯಲಿಲ್ಲ.

ಹಿತ್ತಲಿನ ಬದನೆ, ಮೆಣಸಿನ ಗಿಡಗಳಿಗೆ ಔಷಧಿ ಹೊಡೆಯುವ ನಮ್ಮ ಸದಸ್ಯರು ಡಬ್ಬಿಯ ಮೇಲೆ ‘ಸಂಜೆ ಸಿಂಪಡಿಸಿ’, ‘ಮಣ್ಣಿನಲ್ಲಿ ಬೆರೆಸಿ’ ಎಂಬ ಸೂಚನೆ ಕಂಡರೆ ಅಲಕ್ಷಿಸಬಾರದು. ಅದರ ಹಿಂದೆ ಇಷ್ಟೆಲ್ಲ ವಿಜ್ಞಾನ ಇರಬಹುದು.