ನೀರನ್ನು ಕಾದವರು, ನೀರಿಗೆ ಕಾದವರು

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸು ಮಿಡಿಗೇಶಿ ದಾಟಿತೆಂದರೆ ಒಳಗಿನ ಮಾತು ನಿಧಾನಕ್ಕೆ ತೆಲುಗಿಗೆ ಹೊರಳುತ್ತದೆ. ಕಂಡಕ್ಟರು ಕನ್ನಡದಲ್ಲಿ ಕೇಳುತ್ತಾರೆ, ಕೂತವರು ತೆಲುಗಿನಲ್ಲಿ ಊರ ಹೆಸರು ಹೇಳುತ್ತಾರೆ, ಚಿಲ್ಲರೆಯ ತಕರಾರು ಎರಡರಲ್ಲೂ ನಡೆಯುತ್ತದೆ. ಕಳೆದ ತಿಂಗಳು ಆ ಬಸ್ಸು ಹತ್ತಿದ್ದು ಒಂದು ಹಾಳೆ ನೋಡುವುದಕ್ಕೆ. ಗೋಡೆ ಕ್ಯಾಲೆಂಡರಿನಿಂದ ಹರಿದ ಜೂನ್ ತಿಂಗಳ ಹಾಳೆ. ಅದರ ಬೆನ್ನಿಗೆ ದ್ವಿತೀಯ ಪಿಯುಸಿಯ ಹುಡುಗಿಯೊಬ್ಬಳು ಇಂಗ್ಲಿಷ್ ಪ್ರಬಂಧವೊಂದಕ್ಕೆ ನಕ್ಷೆ ಹಾಕಿಕೊಂಡಿದ್ದಳು. ಅವಳ ಉಪನ್ಯಾಸಕಿ ನನಗೆ ಬಹಳ ವರ್ಷದ ಪರಿಚಯ. ಫೋನ್ ಮಾಡಿ, "ಸಾರ್, ಇದನ್ನ ನೀವು ಬಂದು ನೋಡ್ಲೇಬೇಕು" ಅಂದಿದ್ದರು. ನೋಡಿ ಬಂದು ಇಷ್ಟು ದಿನವಾದರೂ ಆ ಹಾಳೆ ಕಣ್ಣ ಮುಂದಿನಿಂದ ಸರಿದಿಲ್ಲ.

ನಮ್ಮ ಪಿಯು ಇಂಗ್ಲಿಷ್ ಪ್ರಶ್ನೆಪತ್ರಿಕೆ ಎರಡು ಪಾಠಗಳನ್ನು ಎದುರುಬದುರು ಕೂರಿಸಿ ಹೋಲಿಸು ಎಂದು ಸಾಮಾನ್ಯವಾಗಿ ಕೇಳುವುದಿಲ್ಲ. ಪಾಠ ಪಾಠಕ್ಕೆ ಬೇರೆ ಪ್ರಶ್ನೆ. ಆರು ಅಂಕದ್ದಾದರೆ ಸುಮಾರು 200 ಪದ. ಗೈಡು ತಂದು, ಉತ್ತರ ಬಾಯಿಪಾಠ ಮಾಡಿ, ಬರೆದು ಬಂದರೆ ಮುಗಿಯಿತು. ಈಗ ಲಿಖಿತ ಪರೀಕ್ಷೆಗೆ 80 ಅಂಕವಾಗಿ, ಉಳಿದ 20 ಆಂತರಿಕ ಮೌಲ್ಯಮಾಪನಕ್ಕೆ ಬಂದಿರುವುದರಿಂದ ಕಾಲೇಜಿನ ಕೈಯಲ್ಲಿ ಸ್ವಲ್ಪ ಜಾಗ ಉಳಿದಿದೆ. ಆ ಜಾಗದಲ್ಲಿ ಈ ಮೇಡಂ ಹೊಸದೊಂದಕ್ಕೆ ಕೈ ಹಾಕಿದ್ದರು. ಮೊದಲ ವರ್ಷದ 'ಸ್ಪೆಕ್ಟ್ರಮ್' ಪುಸ್ತಕದಿಂದ ಒಂದು, ಎರಡನೇ ವರ್ಷದ 'ಸ್ಪ್ರಿಂಗ್ಸ್' ಪುಸ್ತಕದಿಂದ ಒಂದು, ಯಾವುದಾದರೂ ಎರಡು ಪಾಠ ಆರಿಸಿ ಹೋಲಿಸಿ ಬರೆಯಬೇಕು. ಬರೆಯುವ ಮೊದಲು ನಕ್ಷೆ ತೋರಿಸಲೇಬೇಕು. ನಕ್ಷೆ ಒಪ್ಪಿಗೆಯಾಗದೆ ಪ್ರಬಂಧ ಮುಟ್ಟುವಂತಿಲ್ಲ. ಮೊದಲ ವರ್ಷದ ಪುಸ್ತಕವನ್ನು ಬಹುತೇಕರು ಕಿರಿಯರಿಗೆ ಅರ್ಧ ಬೆಲೆಗೆ ಮಾರಿಬಿಟ್ಟಿದ್ದರಿಂದ, ವಾರವಿಡೀ ಹಾಸ್ಟೆಲಿನಲ್ಲಿ ಹಳೇ ಪುಸ್ತಕಕ್ಕೆ ಹುಡುಕಾಟ ನಡೆದಿತ್ತಂತೆ.

ಈ ಹುಡುಗಿ ಆರಿಸಿಕೊಂಡದ್ದು ಆರ್.ಕೆ. ನಾರಾಯಣರ 'ವಾಚ್‌ಮನ್ ಆಫ್ ದ ಲೇಕ್' ನಾಟಕ, ಚಲ್ಲಪಲ್ಲಿ ಸ್ವರೂಪರಾಣಿಯವರ 'ವಾಟರ್' ಕವಿತೆ. ಪಿಯುಸಿ ಓದಿದ ಮಕ್ಕಳಿರುವ ಮನೆಯಲ್ಲಿ ಎರಡೂ ಗೊತ್ತಿರುತ್ತದೆ. ನಾಟಕದಲ್ಲಿ ಊರವರು ಹುಚ್ಚನೆಂದು ತಿಳಿದ ಮಾರ ಕೆರೆಯ ಕಾವಲುಗಾರನಾಗುತ್ತಾನೆ. ಬಿರುಮಳೆಯ ರಾತ್ರಿ ಏರಿ ಒಡೆಯಲು ಬಂದ ದೇವಿಯಿಂದ, ತಾನು ದೊರೆಯನ್ನು ಕಂಡು ಮರಳುವವರೆಗೆ ತಡೆಯಬೇಕೆಂದು ಮಾತು ತೆಗೆದುಕೊಳ್ಳುತ್ತಾನೆ. ಆಮೇಲೆ ಮರಳದ ಹಾಗೆ ತನ್ನ ಪ್ರಾಣವನ್ನೇ ಒಪ್ಪಿಸುತ್ತಾನೆ. ಕವಿತೆಯಲ್ಲಿ ನೀರಿಗೆ ಎಲ್ಲವೂ ಗೊತ್ತು: ಊರಿಗೂ ಕೇರಿಗೂ ನಡುವಿನ ತಲೆಮಾರುಗಳ ಜಗಳ ಗೊತ್ತು, ಯಾರಾದರೂ ಬಂದು ಕೊಡಕ್ಕೆ ಹೊಯ್ಯಲಿ ಎಂದು ಬಾವಿಯ ಬಳಿ ದಿನವಿಡೀ ನಿಂತವನ ಬಾಯಾರಿಕೆ ಗೊತ್ತು, ಆಂಧ್ರದ ಕಾರಂಚೇಡಿನಲ್ಲಿ ದಲಿತರ ಮೇಲೆ ನಡೆದದ್ದು ಗೊತ್ತು, 1927ರಲ್ಲಿ ಅಂಬೇಡ್ಕರರು ಮಹಾಡದಲ್ಲಿ ಮುಟ್ಟಿದ ಚವದಾರ್ ಕೆರೆ ಗೊತ್ತು. ಕೊನೆಗೆ ಅದೇ ನೀರು ಬಾಟಲಿಯೊಳಗೆ ಮಾರಾಟದ ಸರಕಾಗಿ ಕೂರುತ್ತದೆ.

ಹೆಚ್ಚಿನ ಮಕ್ಕಳು ಹಾಕಿದ್ದ ನಕ್ಷೆಗಳನ್ನೂ ಮೇಡಂ ತೋರಿಸಿದರು. ನಡುವೆ ಗೆರೆ, ಎಡಕ್ಕೆ ಸಾಮ್ಯ, ಬಲಕ್ಕೆ ವ್ಯತ್ಯಾಸ. ಎರಡರಲ್ಲೂ ನೀರಿದೆ, ಒಂದು ನಾಟಕ, ಒಂದು ಕವಿತೆ, ಬರೆದವರಲ್ಲಿ ಒಬ್ಬರು ಗಂಡಸು, ಒಬ್ಬರು ಹೆಂಗಸು. ಇದರಲ್ಲಿ ಸುಳ್ಳೇನೂ ಇಲ್ಲ, ಪ್ರಬಂಧವೂ ಇಲ್ಲ. ರಾಗಿಯನ್ನೂ ಜೋಳವನ್ನೂ ಎರಡು ಮೊರದಲ್ಲಿ ಹಾಕಿಟ್ಟರೆ ಅಡುಗೆಯಾಗುವುದಿಲ್ಲ. ಹೋಲಿಕೆಗೆ ಎರಡೂ ಕೃತಿಗಳು ಬಂದು ನಿಲ್ಲುವ ಮೂರನೆಯ ನೆಲೆಯೊಂದು ಬೇಕು, ಒಂದು ಪ್ರಶ್ನೆ ಬೇಕು. ಆ ಪ್ರಶ್ನೆ ಸಿಕ್ಕುವವರೆಗೆ ಪೆನ್ನಿಗೆ ಕೆಲಸವಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಗೈಡುಗಳ ಮೇಲೆ ನನಗೆ ಕೋಪವಿರುವುದೂ ಇದೇ ಕಾರಣಕ್ಕೆ. ಅವು ಉತ್ತರ ಕೊಡುತ್ತವೆ ಎನ್ನುವುದಕ್ಕಿಂತ, ಪ್ರಶ್ನೆ ಹುಟ್ಟುವ ಹೊತ್ತನ್ನೇ ನುಂಗಿಹಾಕುತ್ತವೆ.

ಜೂನ್ ಹಾಳೆಯ ಮೇಲೆ ಗೆರೆ ಇರಲಿಲ್ಲ. ನಡುಮಧ್ಯೆ ಕನ್ನಡದಲ್ಲಿ ಒಂದೇ ಪದ, ಸುತ್ತ ಪೆನ್ಸಿಲಿನ ವೃತ್ತ: 'ಕಾಯು'. ಅದರಿಂದ ಹೊರಟ ಎರಡು ಬಾಣ. ಒಂದರ ತುದಿಗೆ 'ನೀರನ್ನು', ಇನ್ನೊಂದರ ತುದಿಗೆ 'ನೀರಿಗೆ'. ಮಾರ ನೀರನ್ನು ಕಾಯುತ್ತಾನೆ. ಬಾವಿಯ ಬಳಿ ನಿಂತವನು ನೀರಿಗೆ ಕಾಯುತ್ತಾನೆ. ಅಷ್ಟೇ.

ನಾನು ಆ ಹಾಳೆಯನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ಸುಮ್ಮನೆ ನಿಂತಿದ್ದೆ. ಇಡೀ ಜೀವಮಾನ ಕನ್ನಡದಲ್ಲೇ ಬರೆದವನಿಗೆ ಹೊಳೆಯದೇ ಇದ್ದದ್ದು ಮನೆಯಲ್ಲಿ ತೆಲುಗಾಡುವ ಹದಿನೇಳರ ಹುಡುಗಿಗೆ ಹೊಳೆದಿತ್ತು. ದ್ವಿತೀಯಾ ವಿಭಕ್ತಿಗೂ ಚತುರ್ಥಿ ವಿಭಕ್ತಿಗೂ ಇರುವ ಅಂತರದಲ್ಲಿ ಒಂದು ಸಮಾಜದ ಇಡೀ ನಡವಳಿಕೆ ಅಡಗಿದೆ ಎಂದು ಯಾವ ವ್ಯಾಕರಣದ ಮೇಷ್ಟರೂ ನನಗೆ ಹೇಳಿರಲಿಲ್ಲ.

"ಇದು ನಿನಗೆ ಹೆಂಗೆ ಹೊಳೀತಮ್ಮ?"

"ತೆಲುಗಲ್ಲಿ 'ಕಾಚು' ಅಂದ್ರೆ ಕಾವಲು ಕಾಯೋದು ಸಾರ್. 'ಕಾಚುಕೊನು' ಅಂದ್ರೆ ಯಾರಿಗಾದ್ರೂ ಕಾದಿರೋದು. ಇಂಗ್ಲಿಷಲ್ಲಿ ಬರ್ಯೋಕೆ ಹೋದ್ರೆ ಎರಡು ಬೇರೆ ಪದ ಬಂತು. ಅಲ್ಲಿ ಸಿಕ್ಕಾಕ್ಕೊಂಡೆ."

ಅವಳು ಸಿಕ್ಕಿಕೊಂಡ ಜಾಗವೇ ಅವಳ ಪ್ರಬಂಧದ ನೆಲೆಯಾಯಿತು. ಅಂದಿನಿಂದ ಈ ಪದ ನನ್ನನ್ನೂ ಬಿಟ್ಟಿಲ್ಲ. ನಾಯಿ ಮನೆ ಕಾಯುತ್ತದೆ, ತಾಯಿ ಮಗನಿಗೆ ಕಾಯುತ್ತಾಳೆ, ದೇವರು ನಮ್ಮನ್ನು ಕಾಯಲಿ ಎನ್ನುತ್ತೇವೆ. ಕಾಪು, ಕಾಪಾಡು, ಕಾವಲು ಎಲ್ಲ ಒಂದೇ ಬೇರಿನ ಕೊಂಬೆಗಳು. ದನಗಳಿಗೆಂದು ಕಾಯ್ದಿಟ್ಟ ಹುಲ್ಲುಗಾವಲಿಗೆ ನಮ್ಮ ಕಡೆ 'ಕಾವಲು' ಎಂದೇ ಹೆಸರು, ಅಮೃತಮಹಲ್ ಕಾವಲುಗಳ ಹಾಗೆ. ಒಲೆಯ ಮೇಲಿನ ಹಂಡೆ ನೋಡಿ "ನೀರು ಕಾದಿದೆ" ಎಂದರೆ ಮೂರನೆಯ ಅರ್ಥ. ಅಲ್ಲಿ ವಿಭಕ್ತಿ ಪ್ರತ್ಯಯವೂ ಬೇಡ, ಕಾಯುವುದು ನೀರೇ. ಇನ್ನೂ ಸೋಜಿಗವೆಂದರೆ, ಇಂಗ್ಲಿಷಿನಲ್ಲೂ ಈ ಎರಡು ಪದಗಳು ಹಿಂದೊಮ್ಮೆ ಒಂದೇ ಮನೆಯವು. 'ವೇಟ್' ಎಂಬುದು ಹಳೆಯ ಫ್ರೆಂಚಿನ ದಾರಿಯಲ್ಲಿ ಇಂಗ್ಲಿಷಿಗೆ ಬಂದಾಗ ಅದಕ್ಕಿದ್ದ ಅರ್ಥ ಕಣ್ಣಿಟ್ಟು ಕಾಯುವುದು. 'ವಾಚ್', 'ವೇಕ್' ಪದಗಳಿಗೂ ಅದಕ್ಕೂ ಜರ್ಮಾನಿಕ್ ಮೂಲದಲ್ಲಿ ನಂಟಿದೆ. ಇಂಗ್ಲೆಂಡಿನ ಊರುಗಳ ರಾತ್ರಿ ಕಾವಲುಗಾರರಿಗೆ 'ವೇಟ್ಸ್' ಎಂದೇ ಹೆಸರಿತ್ತು. ಇದನ್ನು ಹೇಳಿದಾಗ ಹುಡುಗಿ ತಕ್ಷಣ ಹಾಳೆಯ ಮೂಲೆಯಲ್ಲಿ ಬರೆದುಕೊಂಡಳು. ಮೇಡಂ ಮಾತ್ರ, "ಪ್ರಬಂಧಕ್ಕೆ ಅದು ಬೇಡ, ಒಂದು ವಾಕ್ಯಕ್ಕಿಂತ ಜಾಸ್ತಿ ಕೊಡ್ಬೇಡ" ಎಂದು ಎಚ್ಚರಿಸಿದರು. ಅವರು ಹೇಳಿದ್ದು ಸರಿ. ನಾನಾಗಿದ್ದರೆ ಒಂದು ಪುಟ ಕೊಡುತ್ತಿದ್ದೆ.

ಎರಡು ಕೃತಿಗಳನ್ನು ಒಂದೇ ನೆಲೆಯ ಮೇಲೆ ನಿಲ್ಲಿಸುವ ಕೆಲಸ ಈ ಜಿಲ್ಲೆಗೆ ಹೊಸತಲ್ಲ. ಬಿ.ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದ್ದು ಇದೇ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಅವರು ಸೋಫೊಕ್ಲಿಸನ ಏಜಾಕ್ಸನನ್ನು ನೋಡಿ ನಮ್ಮ ಅಶ್ವತ್ಥಾಮನನ್ನು ಕಂಡರು. ಏಜಾಕ್ಸ್ ದೇವಿಯ ಮಾಯೆಗೆ ಸಿಕ್ಕಿ, ಶತ್ರುಗಳೆಂದುಕೊಂಡು ರಾತ್ರಿ ದನಕುರಿಗಳನ್ನು ಕಡಿಯುತ್ತಾನೆ. ಅಶ್ವತ್ಥಾಮ ಪಾಂಡವರ ಪಾಳೆಯಕ್ಕೆ ನುಗ್ಗಿ ಮಲಗಿದ್ದ ಮಕ್ಕಳನ್ನು ಕೊಲ್ಲುತ್ತಾನೆ. ಎರಡೂ ಕಡೆ ವೀರನೊಬ್ಬನ ರಾತ್ರಿಯ ಕೃತ್ಯ, ಬೆಳಗಿನ ನಾಚಿಕೆ. 1929ರ 'ಅಶ್ವತ್ಥಾಮನ್' ನಾಟಕ ನಿಂತಿರುವುದು ಆ ಒಂದು ಕೂಡುಜಾಗದ ಮೇಲೆ. ಬಿಎಂಶ್ರೀ ಪಟ್ಟಿ ಮಾಡುತ್ತ ಕೂತಿದ್ದರೆ ಕನ್ನಡಕ್ಕೆ ಆ ನಾಟಕ ಸಿಗುತ್ತಿರಲಿಲ್ಲ.

ಕೆಲವು ಹೊರದೇಶಗಳ ಹನ್ನೆರಡನೇ ತರಗತಿಯಲ್ಲಿ ಇಂಥ ಹೋಲಿಕೆ ಪರೀಕ್ಷೆಗೇ ಬಂದದ್ದುಂಟು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 2023ರವರೆಗೂ ಇಂಗ್ಲಿಷ್ ಪತ್ರಿಕೆಯಲ್ಲಿ ಎರಡು ಕೃತಿ ಹೋಲಿಸುವ ವಿಭಾಗವೇ ಇತ್ತು. ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಶಾಲೆಗಳ ಸಾಹಿತ್ಯದ ಎರಡನೇ ಪತ್ರಿಕೆಯಂತೂ ಪೂರ್ತಿ ಹೋಲಿಕೆಯದ್ದೇ: ನಾಲ್ಕು ಪ್ರಶ್ನೆಯಲ್ಲಿ ಒಂದನ್ನು ಆರಿಸಿ, ಒಂದೂಮುಕ್ಕಾಲು ಗಂಟೆಯಲ್ಲಿ ಎರಡು ಕೃತಿಗಳ ಮೇಲೆ ಒಂದು ಪ್ರಬಂಧ. ಬೆಂಗಳೂರಿನ ಐಬಿ ಶಾಲೆಯ ಮಕ್ಕಳು ಇದಕ್ಕೆ ಎರಡು ವರ್ಷ ತಯಾರಾಗುತ್ತಾರೆ. ಪಾವಗಡದ ಮಕ್ಕಳಿಗೆ ಸಿಕ್ಕಿದ್ದು ಮೂರು ವಾರ, ಒಂದು ಕ್ಯಾಲೆಂಡರ್.

ನಕ್ಷೆ ಹಾಕುವುದಕ್ಕೆ ಮೇಡಂ ಕಲಿಸಿದ ಕ್ರಮ ಸರಳವಾಗಿತ್ತು. ಮೊದಲು ಪ್ರಶ್ನೆ, ಅದಕ್ಕೆ ಒಂದೇ ವಾಕ್ಯದಲ್ಲಿ ನಿನ್ನ ಉತ್ತರ. ಆಮೇಲೆ ಮೂರು ಮಾತು. ಪ್ರತಿ ಮಾತಿಗೂ ಎರಡೂ ಕೃತಿಯಿಂದ ಒಂದೊಂದು ಸಾಕ್ಷಿ. ಮೊದಲರ್ಧ ಪೂರ್ತಿ ನಾಟಕ, ಉಳಿದರ್ಧ ಪೂರ್ತಿ ಕವಿತೆ ಎಂದು ಬರೆದರೆ ಒಪ್ಪುತ್ತಿರಲಿಲ್ಲ. ಪ್ರತಿ ಪ್ಯಾರಾದಲ್ಲೂ ಎರಡೂ ಮುಖಾಮುಖಿಯಾಗಬೇಕು. ಸಾಕ್ಷಿ ಒಂದೇ ಕಡೆ ಸಿಕ್ಕಿ ಇನ್ನೊಂದು ಕಡೆ ಸಿಗದಿದ್ದರೆ ಆ ಮಾತನ್ನು ಬಿಡುವಂತಿಲ್ಲ. ಯಾಕೆ ಸಿಗಲಿಲ್ಲ ಎಂದು ಬರೆಯಬೇಕು. ಈ ಕೊನೆಯ ನಿಯಮ ನನಗೆ ಬಹಳ ಹಿಡಿಸಿತು.

ಹುಡುಗಿಯ ಮೊದಲ ಮಾತು: ನಾಟಕದಲ್ಲಿ ಕಾಯುವುದಕ್ಕೆ ಬೆಲೆ ಇದೆ. ಮಾರ ಸತ್ತರೂ ಅವನ ವಂಶಕ್ಕೆ ಕಾವಲುಗಾರಿಕೆ ಉಳಿಯುತ್ತದೆ. ಕವಿತೆಯಲ್ಲಿ ಕಾದವನಿಗೆ ಸಿಗುವುದು ಬೊಗಸೆಗೆ ಮೇಲಿನಿಂದ ಹೊಯ್ದ ನೀರು, ಅದರ ಜೊತೆ ಅವಮಾನ. ಎರಡನೇ ಮಾತು ಇನ್ನೂ ಸೂಕ್ಷ್ಮ. ನಾಟಕದಲ್ಲಿ ನಿಜವಾಗಿ ಕಾದಿರುವವಳು ದೇವಿ. ಮಾರ ಬರಲಿ ಎಂದು ಅವಳು ಇವತ್ತಿಗೂ ಕಾದಿದ್ದಾಳೆ, ಹಾಗಾಗಿಯೇ ಕೆರೆ ಉಳಿದಿದೆ. ಕೊಟ್ಟ ಮಾತಿಗೆ ನೀರೇ ಕಟ್ಟುಬಿದ್ದ ಲೋಕ ಅದು. ಕವಿತೆಯಲ್ಲಿ ನೀರಿಗೆ ಎಲ್ಲ ಗೊತ್ತಿದ್ದೂ ಅದು ಯಾರಿಗೂ ಮಾತು ಕೊಟ್ಟಿಲ್ಲ. ಮೂರನೇ ಮಾತಿನ ಜಾಗದಲ್ಲಿ ಬರೀ ಒಂದು ಪದವಿತ್ತು: 'ತಾತ'.

ಅವಳ ತಾತ ನೀರಗಂಟಿ. ಕೆರೆಯ ತೂಬು ಎತ್ತಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಟ್ಟು, ಮಳೆಗಾಲದಲ್ಲಿ ಏರಿಯ ಮೇಲೆ ಮಲಗಿ ಕೆರೆ ಕಾದವರು. ಹಳೇ ಮೈಸೂರಿನ ಎಷ್ಟೋ ಊರುಗಳಲ್ಲಿ ನೀರಗಂಟಿಕೆ ದಲಿತ ಮನೆತನಗಳ ಕೆಲಸವಾಗಿತ್ತು. ಊರಿನ ಅಷ್ಟೂ ನೀರನ್ನು ಅಳೆದು ಹಂಚುವ ಕೈ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ನಾರಾಯಣರ ಮಾರನೂ ಸ್ವರೂಪರಾಣಿಯವರ ಬಾಯಾರಿದವನೂ ಒಬ್ಬನೇ ಮನುಷ್ಯನಾಗಿರಬಹುದು! ಹಗಲು ನೀರನ್ನು ಕಾದು ಸಂಜೆ ನೀರಿಗೆ ಕಾದವನು. ಎರಡು ಪಠ್ಯಪುಸ್ತಕಗಳಲ್ಲಿ, ಎರಡು ವರ್ಷಗಳಲ್ಲಿ ಹಂಚಿಹೋಗಿದ್ದ ಆ ಮನುಷ್ಯನನ್ನು ಈ ಹುಡುಗಿ ತನ್ನ ಮನೆಯ ಜಗಲಿಯ ಮೇಲೆ ಗುರುತಿಸಿದ್ದಳು.

ಸಂಜೆ ಅವಳ ಊರಿಗೆ ಹೋದೆವು. ಕೆರೆಯಲ್ಲಿ ನೀರಿರಲಿಲ್ಲ, ಅಂಗಳದ ತುಂಬ ಜಾಲಿ. ಫ್ಲೋರೈಡ್ ನೀರಿನ ಸೀಮೆ ಇದು. ಊರಿನ ಶುದ್ಧ ನೀರಿನ ಘಟಕದ ಮುಂದೆ ಇಪ್ಪತ್ತು ಲೀಟರಿನ ಕ್ಯಾನುಗಳ ಸಾಲಿತ್ತು. ನಾಣ್ಯ ಹಾಕಿದರೆ ನೀರು. ಕವಿತೆಯ ಕೊನೆಯ ಭಾಗಕ್ಕೆ ಸಾಕ್ಷಿಯಾಗಿ ಅವಳು ನಕ್ಷೆಯಲ್ಲಿ ಈ ಘಟಕವನ್ನು ಗುರುತು ಹಾಕಿಕೊಂಡಿದ್ದಳು. ತುಂಗಭದ್ರೆಯ ನೀರಿಗಾಗಿ ತಾಲ್ಲೂಕು ಎಷ್ಟು ವರ್ಷ ಕಾಯಿತು ಎನ್ನುವುದನ್ನು ಸೇರಿಸು ಎಂದು ನಾನು ಹೇಳಿದೆ. ಪಠ್ಯದಿಂದ ದೂರ ಹೋಗುತ್ತದೆ ಎಂದು ಮೇಡಂ ತಲೆಯಾಡಿಸಿದರು. ಕೊರಟಗೆರೆ, ಮಧುಗಿರಿ ಕಡೆಯಿಂದ ಹರಿಯುವ ಜಯಮಂಗಲಿ ತೆಲುಗು ನಾಡಿಗೆ ಇಳಿದು ಉತ್ತರ ಪಿನಾಕಿನಿಯನ್ನು ಕೂಡಿಕೊಳ್ಳುತ್ತದೆ. ಈ ಕವಿತೆ ಮಾತ್ರ ಅದಕ್ಕೆ ಎದುರು ದಿಕ್ಕಿನಲ್ಲಿ, ತೆಲುಗಿನಲ್ಲಿ ಹುಟ್ಟಿ, ಇಂಗ್ಲಿಷಿಗೆ ಹೋಗಿ, ಬೆಂಗಳೂರಿನಲ್ಲಿ ಅಚ್ಚಾಗಿ, ಮನೆಯಲ್ಲಿ ತೆಲುಗಾಡುವ ಕನ್ನಡನಾಡಿನ ಹುಡುಗಿಯ ಕೈಗೆ ಬಂದು ಸೇರಿದೆ. ಅವಳು ಅದನ್ನು ತಾತನಿಗೆ ಮತ್ತೆ ತೆಲುಗು ಮಾಡಿ ಓದಿ ಹೇಳಿದ್ದಳಂತೆ. ಆ ಸಾಲುಗಳನ್ನು ಕವಯಿತ್ರಿ ಕೇಳಬೇಕಿತ್ತು ಎಂದು ನನ್ನ ಮನಸ್ಸು ಈಗಲೂ ಹಾತೊರೆಯುತ್ತದೆ.

ತಾತ ತೂಬಿನ ಕಲ್ಲಿನ ಮೇಲೆ ಕೈಯಿಟ್ಟು ನಿಂತಿದ್ದರು. ಕಲ್ಲಿನ ಅಂಚು ನೀರಿನ ಸವೆತಕ್ಕೆ ಅಂಗೈಯಷ್ಟು ನುಣುಪಾಗಿತ್ತು. ಮೊಮ್ಮಗಳು ತನ್ನ ಮೂರನೇ ಮಾತನ್ನು ಒಪ್ಪಿಸುವವಳ ಹಾಗೆ ಕೇಳಿದಳು: "ತಾತಾ, ಕೆರೆ ಕಾದೋನೂ ನೀನೇ, ನೀರಿಗೆ ಕಾದೋನೂ ನೀನೇ ಅಲ್ವಾ?"

ಅವರು ಸ್ವಲ್ಪ ಹೊತ್ತು ಯೋಚಿಸಿ, ನಮಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದರು: "ಕೆರೆ ಕಾದೋನು ನಾನೇ ಕಣಮ್ಮ. ನೀರಿಗೆ ಕಾದೋಳು ನಿಮ್ಮಜ್ಜಿ. ಕೊಡ ಹೊತ್ಕೊಂಡು ಹೋಗಿ ಬಾವಿ ಹತ್ರ ನಿಂತಿದ್ದು ಅವಳು. ನಾನು ಒಂದು ದಿನಾನೂ ನಿಲ್ಲಲಿಲ್ಲ."

ಹುಡುಗಿ ಮೇಡಂ ಕಡೆ ನೋಡಿದಳು. ಮಾರನ ಹೆಂಡತಿ ಏನು ಮಾಡುತ್ತಿದ್ದಳು ಎನ್ನುವುದಕ್ಕೆ ನಾಟಕದಲ್ಲಿ ಸಾಕ್ಷಿ ಹುಡುಕಬೇಕು. ಕವಿತೆಯಲ್ಲಿ ಕೊಡ ಎತ್ತಿ ಎದುರು ನಿಂತ ಕಾರಂಚೇಡಿನ ಸುವಾರ್ತಮ್ಮ ಇದ್ದಾಳೆ. ಒಂದು ಕಡೆ ಸಾಕ್ಷಿ ಸಿಗದಿದ್ದರೆ ಯಾಕೆಂದು ಬರೆಯಬೇಕು. ಅವಳು ಏರಿಯ ಮೇಲೆಯೇ ಕೂತು, ಮಡಚಿದ ಜೂನ್ ಹಾಳೆಯನ್ನು ತೊಡೆಯ ಮೇಲೆ ಬಿಡಿಸಿ, 'ತಾತ' ಎಂದಿದ್ದ ಕಡೆ ಗೆರೆ ಎಳೆದು, ಪಕ್ಕದಲ್ಲಿ 'ಅಜ್ಜಿ' ಎಂದು ಬರೆದಳು.