ಹಳೇಬೀಡಿನ ಆನೆ ಸ್ವೆಟರಿಗೆ ಇಳಿಯುವ ಬಗೆ

ಮಾರ್ಗಶಿರ ಮಾಸದ ಷಷ್ಠಿ ಎಂದರೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಸುಬ್ರಹ್ಮಣ್ಯಸ್ವಾಮಿಯ ಜಾತ್ರೆ. ಕಾವೇರಿಯ ಮೇಲಿಂದ ಬೀಸುವ ಬೆಳಗಿನ ಗಾಳಿಗೆ ಮೈ ನಡುಗುವ ಕಾಲ. ಪೆಟ್ಟಿಗೆ ಸೇರಿದ್ದ ಸ್ವೆಟರುಗಳೆಲ್ಲ ಹೊರಬರುತ್ತವೆ. ಹೆಚ್ಚಿನವು ಯಂತ್ರ ಹೆಣೆದವು. ಲೂಧಿಯಾನದಲ್ಲಿ ಹುಟ್ಟಿ, ಬೈಲಕುಪ್ಪೆಯ ಟಿಬೆಟನ್ನರಂಥ ಚಳಿಗಾಲದ ವ್ಯಾಪಾರಿಗಳ ಮೂಲಕ ಊರೂರು ಸೇರಿದಂಥವು. ನಡುವೆ ಅಲ್ಲೊಂದು ಇಲ್ಲೊಂದು ಅಜ್ಜಿಯೋ ಅತ್ತೆಯೋ ಕೈಯಲ್ಲಿ ಹೆಣೆದದ್ದು.

ಕೈಹೆಣಿಗೆಗೆ ಒಂದು ವಿಚಿತ್ರ ಗುಣವಿದೆ. ಮಗು ಬೆಳೆದರೆ ಸ್ವೆಟರನ್ನು ಬಿಚ್ಚಿ, ನೂಲನ್ನು ಉಂಡೆ ಸುತ್ತಿ, ಇನ್ನೊಂದು ಮಗುವಿಗೆ ಹೆಣೆಯಬಹುದು. ಉಣ್ಣೆ ಉಳಿಯುತ್ತದೆ, ವಿನ್ಯಾಸ ಹೋಗುತ್ತದೆ. ಅದೇ ಮನೆಯ ಚುಕ್ಕಿ ರಂಗೋಲಿಯ ಪುಸ್ತಕ ಮಾತ್ರ ಅಂಚು ಹರಿದರೂ ತಾಯಿಯಿಂದ ಮಗಳಿಗೆ ಬಂದಿರುತ್ತದೆ. ರಂಗೋಲಿಯನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿತ್ತು. ಸ್ವೆಟರಿನ ಲೆಕ್ಕ ಬೆರಳಿನ ನೆನಪಿನಲ್ಲೇ ಇದ್ದು ಬೆರಳಿನೊಂದಿಗೇ ಹೋಯಿತು.

ಕಡ್ಡಿ ಹೆಣಿಗೆ ಈ ನಾಡಿಗೆ ಹಳೆಯದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನವರೊಂದಿಗೆ, ಮುಖ್ಯವಾಗಿ ಮಿಷನರಿಗಳ ಹೆಣ್ಣುಮಕ್ಕಳ ಶಾಲೆಗಳ ಮೂಲಕ ಭಾರತದಲ್ಲಿ ಹರಡಿದ ವಿದ್ಯೆ ಇದು. ವಿನ್ಯಾಸಗಳೂ ಜೊತೆಗೇ ಬಂದವು. ಹಿಮ ಬೀಳದ ಊರಿನ ಮಕ್ಕಳ ಎದೆಯ ಮೇಲೆ ಹಿಮಸಾರಂಗ ಓಡುವುದಕ್ಕೆ ಇದೇ ಕಾರಣ. ಆದರೆ ಹಾಸನ ಜಿಲ್ಲೆಯವರಿಗೆ ಮಾದರಿ ಹುಡುಕಿ ದೂರ ಹೋಗಬೇಕಾಗಿಲ್ಲ. 1121ರ ಸುಮಾರಿಗೆ ಆರಂಭವಾದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ತಳಭಾಗವನ್ನು ನೋಡಿ: ಕೆಳಗೆ ಆನೆಗಳ ಸಾಲು, ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಇನ್ನೂ ಮೇಲೆ ಮಕರ, ಹಂಸ. ಒಂದರ ಮೇಲೊಂದು ಅಡ್ಡಪಟ್ಟಿ. ಎರಡು ಬಣ್ಣದ ಸ್ವೆಟರಿನ ಅಂಚಿಗೆ ಬೇಕಾದದ್ದೂ ಇಂಥ ಪಟ್ಟಿಯೇ.

ಕೆಲಸ ಶುರುವಾಗುವುದು ಫೋಟೋದಿಂದ. ಇಲ್ಲಿ ಮೊಬೈಲು ಸಾಕು. (ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಬೇರೆ ಅನುಮತಿ ಬೇಕು.) ನಿಂತಲ್ಲೇ ಕೆಳಗೆ ಬಾಗಿಸಿ ಚಿತ್ರ ತೆಗೆದರೆ ಆನೆಯ ಕಾಲು ಗಿಡ್ಡವಾಗುತ್ತದೆ. ಕುಕ್ಕರುಗಾಲಲ್ಲಿ ಕುಳಿತು, ಕ್ಯಾಮೆರಾವನ್ನು ಆನೆಯ ಮಟ್ಟಕ್ಕೇ ಹಿಡಿದು, ಗೋಡೆಗೆ ನೇರವಾಗಿ ತೆಗೆಯಬೇಕು. ಬಿಸಿಲು ಗೋಡೆಯ ಮೇಲೆ ಓರೆಯಾಗಿ ಜಾರುವ ಹೊತ್ತು ಒಳ್ಳೆಯದು. ನೆರಳು ಸೊಂಡಿಲಿನ ಗೆರೆಯನ್ನು ಎತ್ತಿ ಕೊಡುತ್ತದೆ.

ಮುಂದಿನ ಹಂತ ಚೌಕುಳಿ ಹಾಳೆ. ಒಂದು ಮನೆ ಎಂದರೆ ಒಂದು ಕುಣಿಕೆ. ಬಹಳ ಜನ ಎಡವುವುದು ಇಲ್ಲೇ. ಲೆಕ್ಕದ ಪುಸ್ತಕದ ಮನೆ ಸರಿಯಾದ ಚೌಕ. ಹೆಣಿಗೆಯ ಕುಣಿಕೆ ಹಾಗಲ್ಲ, ಅದರ ಅಗಲ ಹೆಚ್ಚು, ಎತ್ತರ ಕಡಿಮೆ. ಸಾಮಾನ್ಯ ನೂಲಿನಲ್ಲಿ 10 ಸೆಂಟಿಮೀಟರ್ ಅಗಲಕ್ಕೆ 22 ಕುಣಿಕೆ ಬಂದರೆ, ಅಷ್ಟೇ ಎತ್ತರಕ್ಕೆ 30 ಸಾಲು ಬೇಕಾಗುತ್ತದೆ ಎನ್ನೋಣ. ಅಗಲ 22, ಎತ್ತರ 22 ಮನೆಗಳಲ್ಲಿ ಬರೆದ ಆನೆ 10 ಸೆಂ.ಮೀ. ಅಗಲವಾಗಿ, ಏಳೂಕಾಲು ಸೆಂ.ಮೀ. ಎತ್ತರಕ್ಕೆ ನಿಂತುಬಿಡುತ್ತದೆ. ಆನೆ ಹೋಗಿ ಹಂದಿಯಾಯಿತು! ಆದ್ದರಿಂದ ಅದೇ ನೂಲು, ಅದೇ ಕಡ್ಡಿಯಲ್ಲಿ ಮೊದಲು ಅಂಗೈಯಗಲದ ತುಂಡೊಂದನ್ನು ಹೆಣೆದು ಅಳೆದು, ಆನೆಯನ್ನು 30 ಸಾಲಿಗೆ ಎತ್ತರಿಸಿ ಬರೆಯಬೇಕು.

ಧಾರವಾಡದ ಕಸೂತಿಯವರಿಗೆ ಈ ತೊಂದರೆ ಇಷ್ಟಿಲ್ಲ. ಅವರು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿ ಹಾಕುತ್ತಾರೆ. ಹಾಸು ಹೊಕ್ಕು ಸಮವಾಗಿದ್ದರೆ ಮನೆಯೂ ಚೌಕವೇ. ಕಸೂತಿಯ ಗೋಪುರ, ತೇರುಗಳನ್ನು ಇದ್ದಂತೆಯೇ ಸ್ವೆಟರಿಗೆ ಇಳಿಸಿದರೆ ಅವು ಕುಗ್ಗಿ ಕುಳಿತುಕೊಳ್ಳುವುದು ಇದಕ್ಕೇ.

ಈ ಲೆಕ್ಕವನ್ನು ಹಗುರ ಮಾಡುವ ಅಂತರಜಾಲ ತಾಣಗಳು ಈಗ ಹಲವು. ಕುಣಿಕೆ, ಸಾಲಿನ ಅಳತೆ ಕೊಟ್ಟರೆ ಅದಕ್ಕೆ ತಕ್ಕ ಅಡ್ಡಗಲದ ಮನೆಗಳ ಹಾಳೆಯನ್ನು ಸಿದ್ಧಪಡಿಸಿ ಕೊಡುವಂಥವಿವೆ. ಮುದ್ರಿಸಿಕೊಂಡು ಪೆನ್ಸಿಲಿನಲ್ಲಿ ತುಂಬಬಹುದು. ಸ್ಟಿಚ್ ಫಿಡ್ಲ್ ಎಂಬ ತಾಣದಲ್ಲಿ ಪರದೆಯ ಮೇಲೇ ಮನೆ ತುಂಬಬಹುದು, ಫೋಟೋ ಕೊಟ್ಟು ಚಾರ್ಟ್ ಮಾಡಿಸಬಹುದು. ಆದರೆ ಯಂತ್ರಕ್ಕೆ ಕಲ್ಲಿನ ಬಿರುಕೂ ಒಂದೇ, ಆನೆಯ ಕಣ್ಣೂ ಒಂದೇ. ಬೇಡದ ಚುಕ್ಕೆಗಳನ್ನು ಒಂದೊಂದಾಗಿ ಅಳಿಸುವ ಕೆಲಸ ಮನುಷ್ಯನಿಗೇ ಬಿಟ್ಟದ್ದು. ಜೊತೆಗೆ ಒಂದೇ ಬಣ್ಣ ಐದಾರು ಕುಣಿಕೆಗಿಂತ ಉದ್ದ ಓಡದಂತೆ ನೋಡಿಕೊಳ್ಳಬೇಕು. ಓಡಿದರೆ ಹಿಂಬದಿಯಲ್ಲಿ ಜೋತುಬೀಳುವ ಇನ್ನೊಂದು ಬಣ್ಣದ ನೂಲಿಗೆ ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆ. ಆನೆಯ ಬೆನ್ನಿಗೆ ಒಂದು ಜೂಲು ಹೊದಿಸಿ, ಅದರಲ್ಲಿ ಚುಕ್ಕೆ ಇಟ್ಟರೆ ಸಮಸ್ಯೆಯೂ ತೀರಿತು, ಅಲಂಕಾರವೂ ಆಯಿತು.

ಇನ್ನು ಸುತ್ತಳತೆ. ಆನೆ ಮತ್ತು ಮುಂದಿನ ಆನೆಗೆ ಮೊದಲಿನ ಸಂದು ಸೇರಿ 22 ಕುಣಿಕೆಯಾದರೆ, 90 ಸೆಂ.ಮೀ. ಸುತ್ತಿಗೆ 198 ಕುಣಿಕೆ, ಸರಿಯಾಗಿ ಒಂಬತ್ತು ಆನೆ. ಸುತ್ತು 95 ಆದರೆ ಕಂಕುಳಲ್ಲಿ ಅರ್ಧ ಆನೆ ಉಳಿಯುತ್ತದೆ! ಆಗ ಸಂದನ್ನು ಹಿಗ್ಗಿಸಬೇಕು, ಇಲ್ಲವೇ ಅಲ್ಲೊಂದು ಬಳ್ಳಿ ತುಂಬಬೇಕು. ಚಾರ್ಟನ್ನು ಓದುವುದು ಕೆಳಗಿನ ಬಲಮೂಲೆಯಿಂದ. ಎರಡು ಕಡ್ಡಿಯ ಹೆಣಿಗೆಯಲ್ಲಿ ನೇಗಿಲು ಸಾಲು ತಿರುಗಿದಂತೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಚಾರ್ಟಿಗೆ ಇಂಗ್ಲಿಷ್ ಬೇಕಿಲ್ಲ ಎಂಬುದು ದೊಡ್ಡ ಅನುಕೂಲ.

ಬಣ್ಣ ಆರಿಸುವಾಗಲೂ ಮೊಬೈಲು ಉಪಯೋಗಕ್ಕೆ ಬರುತ್ತದೆ. ಎರಡು ಉಂಡೆಗಳನ್ನು ಪಕ್ಕದಲ್ಲಿಟ್ಟು ಕಪ್ಪು ಬಿಳುಪು ಚಿತ್ರ ತೆಗೆದು ನೋಡಿ. ಕಣ್ಣಿಗೆ ಬೇರೆ ಬೇರೆ ಕಾಣುವ ಕೆಂಪು, ಹಸಿರು ಅಲ್ಲಿ ಒಂದೇ ಬೂದು ಆದರೆ, ಹೆಣೆದ ಮೇಲೆ ನಾಲ್ಕು ಹೆಜ್ಜೆ ದೂರದಿಂದ ಆನೆ ಕಾಣುವುದಿಲ್ಲ.

ಹೆಣೆದು ಮುಗಿದದ್ದನ್ನು ದಾಖಲಿಸಲು 2007ರಲ್ಲಿ ಅಮೆರಿಕದಲ್ಲಿ ಆರಂಭವಾದ ರಾವೆಲ್ರಿ ತಾಣ ಜಗತ್ತಿನ ಹೆಣಿಗೆಯವರ ದಿನಚರಿ ಪುಸ್ತಕದಂತಿದೆ. ಸೇರಲು ಹಣ ಬೇಕಿಲ್ಲ. ಫೋಟೋದ ಜೊತೆ ನೂಲು, ಕಡ್ಡಿಯ ಅಳತೆ, ಮಾಡಿದ ಬದಲಾವಣೆ ಎಲ್ಲವನ್ನೂ ಬರೆದಿಡಬಹುದು. ಹಳೆಯ ಮಾದರಿ ನೋಡಬಯಸುವವರಿಗೆ ತೆರೇಸ್ ದ ದಿಲ್ಮೋಂ 1886ರಲ್ಲಿ ಹೊರತಂದ ಸೂಜಿಕೆಲಸದ ವಿಶ್ವಕೋಶ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಇವುಗಳಲ್ಲಿ ಹಳೇಬೀಡು ಸುಲಭವಾಗಿ ಸಿಗಲಿಕ್ಕಿಲ್ಲ. ಅದನ್ನು ಸೇರಿಸಬೇಕಾದವರು ಇಲ್ಲಿಯವರು.

ಅಜ್ಜಿಯ ಹಳೆಯ ಸ್ವೆಟರು ಮನೆಯಲ್ಲಿದ್ದರೆ ಬಿಚ್ಚುವ ಮೊದಲು ಅದನ್ನು ಹಗಲು ಹೊತ್ತು ಕಿಟಕಿಯ ಬಳಿ ಬಿಳಿ ಪಂಚೆಯ ಮೇಲೆ ಹರಡಿ, ಫ್ಲಾಶ್ ಹಾಕದೆ, ನೆತ್ತಿಯ ಮೇಲಿಂದ ಚಿತ್ರ ತೆಗೆಯಬೇಕು. ಬಲ್ಬಿನ ಬೆಳಕಿನಲ್ಲಿ ಬಿಳಿ ಉಣ್ಣೆ ಹಳದಿಯಾಗುತ್ತದೆ. ಪಕ್ಕದಲ್ಲಿ ಶಾಲೆಯ ಸ್ಕೇಲು ಇಟ್ಟು ಒಂದು ಹತ್ತಿರದ ಚಿತ್ರ ತೆಗೆದರೆ ಮುಂದೆ ಯಾರಾದರೂ ಕುಣಿಕೆ ಎಣಿಸಿ ಚಾರ್ಟ್ ಬರೆಯಬಹುದು. ಒಳಮೈ ತಿರುಗಿಸಿ ಇನ್ನೊಂದು ಚಿತ್ರ ತೆಗೆಯಬೇಕು: ನೂಲು ಎಲ್ಲಿ ಸೇರಿಸಿದರು, ಬಣ್ಣ ಎಲ್ಲಿ ಬದಲಿಸಿದರು ಎಂಬುದು ಆ ಬದಿಯಲ್ಲೇ ಕಾಣುವುದು.