ದಪ್ಪ ಶರೀರದವರಿಗೂ ಹಾಸಿಗೆ ಹುಣ್ಣು ಬರುತ್ತದೆಯೇ?

ಪಾರ್ಶ್ವವಾಯು, ಸೊಂಟದ ಮೂಳೆ ಮುರಿತ, ಬೆನ್ನುಹುರಿಗೆ ಪೆಟ್ಟು ಅಥವಾ ಇಳಿವಯಸ್ಸಿನ ನಿಶ್ಶಕ್ತಿಯಿಂದ ಹಾಸಿಗೆ ಹಿಡಿದವರನ್ನು ಮನೆಯಲ್ಲಿಯೇ ಆರೈಕೆ ಮಾಡುವ ಕುಟುಂಬಗಳು ನಮ್ಮಲ್ಲಿ ಅನೇಕ. ಅವರ ದೊಡ್ಡ ಚಿಂತೆ ಹಾಸಿಗೆ ಹುಣ್ಣು. ಇದು ಎಲುಬು ಕಾಣುವಷ್ಟು ಸೊರಗಿದವರಿಗೆ ಮಾತ್ರ ಬರುತ್ತದೆ, ಮೈತುಂಬ ಮಾಂಸ ಇರುವವರಿಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಈ ಮಾತು ಅರ್ಧ ಮಾತ್ರ ಸತ್ಯ.

ಹುಣ್ಣು ಆಗುವುದು ಹೇಗೆ?

ನಾವು ನಿದ್ದೆಯಲ್ಲಿಯೂ ಅರಿವಿಲ್ಲದೆ ಮಗ್ಗುಲು ಬದಲಿಸುತ್ತೇವೆ. ಅದು ಸಾಧ್ಯವಾಗದವರಲ್ಲಿ ಮೂಳೆ ಮತ್ತು ಹಾಸಿಗೆಯ ನಡುವೆ ಸಿಲುಕಿದ ಚರ್ಮ, ಕೊಬ್ಬು, ಸ್ನಾಯುಗಳು ಗಂಟೆಗಟ್ಟಲೆ ಅದುಮಲ್ಪಡುತ್ತವೆ. ಸೂಕ್ಷ್ಮ ರಕ್ತನಾಳಗಳೊಳಗಿನ ಒತ್ತಡ ಸುಮಾರು 32 ಮಿಲಿಮೀಟರ್ ಪಾದರಸದಷ್ಟು ಎಂದು 1930ರಲ್ಲಿ ಅಮೆರಿಕದ ಯುಜೀನ್ ಲ್ಯಾಂಡಿಸ್ ಅಳೆದು ತೋರಿಸಿದ್ದರು. ಇಷ್ಟು ಅಲ್ಪ ಒತ್ತಡದ ನಾಳಗಳು ಶರೀರದ ಭಾರಕ್ಕೆ ಸುಲಭವಾಗಿ ಮುಚ್ಚಿಕೊಳ್ಳುತ್ತವೆ. ರಕ್ತ ಹರಿಯದಿದ್ದರೆ ಆ ಭಾಗ ಸಾಯತೊಡಗುತ್ತದೆ. ಬೆನ್ನಿನ ಕೆಳತುದಿ, ಹಿಮ್ಮಡಿ, ಸೊಂಟದ ಪಕ್ಕ, ಪೃಷ್ಠ, ಮೊಣಕೈ, ತಲೆಯ ಹಿಂಭಾಗ ಇವು ಹೆಚ್ಚು ಅಪಾಯದ ಜಾಗಗಳು.

ಕೊಬ್ಬಿನ ಪಾತ್ರ

ಚರ್ಮದಡಿಯ ಕೊಬ್ಬು ಮೂಳೆಯ ಮೇಲಿನ ಮೆತ್ತೆಯಂತೆ ಭಾರವನ್ನು ಹಂಚುತ್ತದೆ. ಈ ಮೆತ್ತೆ ಇಲ್ಲದ ಕೃಶ ಶರೀರದವರಿಗೆ ಅಪಾಯ ಹೆಚ್ಚು. ಆದರೆ ಕೊಬ್ಬು ವಿಪರೀತವಾದಾಗ ಲೆಕ್ಕ ತಿರುಗುತ್ತದೆ. ಕೊಬ್ಬಿನಲ್ಲಿ ರಕ್ತನಾಳಗಳು ವಿರಳ. ಭಾರವೂ ಹೆಚ್ಚು. ಹೊಟ್ಟೆ, ತೊಡೆಸಂದು, ಸ್ತನದಡಿಯ ಮಡಿಕೆಗಳಲ್ಲಿ ಬೆವರು ನಿಂತು ಚರ್ಮ ಮೆದುವಾಗುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಇದು ಇನ್ನೂ ಹೆಚ್ಚು. ಮೂತ್ರದ ನಳಿಕೆಯೂ ಮಡಿಕೆಯೊಳಗೆ ಸಿಲುಕಿ ಒತ್ತಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಅವರನ್ನು ಎತ್ತಿ ಮಗ್ಗುಲು ಮಾಡುವುದು ಒಬ್ಬರಿಂದ ಆಗದ ಕೆಲಸ. ಎತ್ತುವ ಬದಲು ಎಳೆದಾಗ ಚರ್ಮ ಹಾಸಿಗೆಗೆ ಅಂಟಿ, ಒಳಗಿನ ಪದರ ಜಾರಿ, ರಕ್ತನಾಳಗಳು ಹರಿಯುತ್ತವೆ.

ಬ್ರಿಟನ್ನಿನ ದಾದಿ ಜೂಡಿ ವಾಟರ್ಲೋ 1985ರಲ್ಲಿ ರೂಪಿಸಿದ ಅಂಕಪಟ್ಟಿ ಇದನ್ನೇ ಹೇಳುತ್ತದೆ. ಇದರಲ್ಲಿ ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಸಾಧಾರಣ ಮೈಕಟ್ಟಿಗೆ 0, ತುಸು ದಪ್ಪಗಿದ್ದರೆ 1, ಬೊಜ್ಜಿಗೆ 2, ಕೃಶ ಶರೀರಕ್ಕೆ 3 ಅಂಕ. 160 ಸೆಂಟಿಮೀಟರ್ ಎತ್ತರದವರು ಸುಮಾರು 51 ಕಿಲೋಗಿಂತ ಕಡಿಮೆಯಿದ್ದರೆ ಕೃಶರು, 77 ಕಿಲೋ ದಾಟಿದರೆ ಬೊಜ್ಜಿನವರು. ಅಮೆರಿಕದಲ್ಲಿ 1987ರಲ್ಲಿ ಪ್ರಕಟವಾದ ಬ್ರೇಡನ್ ಪಟ್ಟಿಯಲ್ಲಿ ತೂಕಕ್ಕೆ ಅಂಕವೇ ಇಲ್ಲ. ಸ್ಪರ್ಶಜ್ಞಾನ, ತೇವ, ನಡೆದಾಟ, ಮೈ ಹೊರಳಿಸುವ ಶಕ್ತಿ, ಆಹಾರ, ಉಜ್ಜುವಿಕೆ ಇವನ್ನು ನೋಡಲಾಗುತ್ತದೆ. ಅಂದರೆ ತೂಕ ಒಂದು ಕಾರಣ ಮಾತ್ರ. ಅಲುಗಾಡದಿರುವುದೇ ಮೂಲ ಕಾರಣ.

ದಪ್ಪಗಿದ್ದರೂ ಅಪೌಷ್ಟಿಕತೆ

ದಪ್ಪ ಶರೀರ ಎಂದರೆ ಪುಷ್ಟಿ ಎಂದು ಅರ್ಥವಲ್ಲ. ಕಾಯಿಲೆ ಬಿದ್ದ ಮೇಲೆ ಬರೀ ಗಂಜಿ, ಉಪ್ಪಿನಕಾಯಿ, ಚಹಾ, ಬಿಸ್ಕತ್ತಿನಲ್ಲಿ ದಿನ ಕಳೆಯುವವರಲ್ಲಿ ಕೊಬ್ಬು ಉಳಿದಿದ್ದರೂ ಸ್ನಾಯು ಕರಗುತ್ತದೆ. ಹುಣ್ಣು ಮಾಯಲು ಪ್ರೋಟೀನ್ ಬೇಕು. ಅಪೌಷ್ಟಿಕತೆ ಇರುವ ಇಂಥ ರೋಗಿಗಳಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಎಂಬುದು ಅಂತಾರಾಷ್ಟ್ರೀಯ ಸಲಹೆ. ಬೊಜ್ಜಿನವರಿಗೆ ಯಾವ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಕು, ಮೂತ್ರಪಿಂಡದ ತೊಂದರೆ ಇರುವವರಿಗೆ ಎಷ್ಟು ಕೊಡಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ಮೊಟ್ಟೆ, ಮೀನು, ಹೆಸರುಕಾಳು, ಮೊಸರು ಸುಲಭದ ಮೂಲಗಳು. ಹುಣ್ಣು ಇರುವಾಗ ತೂಕ ಇಳಿಸಲೆಂದು ಊಟ ಕಡಿಮೆ ಮಾಡಬಾರದು.

ಮನೆಮಂದಿ ಗಮನಿಸಬೇಕಾದದ್ದು

* ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಪೂರ್ತಿ ಪಕ್ಕಕ್ಕೆ ಬೇಡ. ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆ ಮಾಡಿದರೆ ಸಾಕು.
* ಭಾರದ ರೋಗಿಯನ್ನು ಒಬ್ಬರೇ ಎಳೆಯಬೇಡಿ. ಇಬ್ಬರು ಸೇರಿ ಅಡಿಯ ಬೆಡ್‌ಶೀಟ್ ಹಿಡಿದು ಎತ್ತಿ. ಮಕ್ಕಳು ದೂರದೂರಿನಲ್ಲಿದ್ದರೆ ನೆರೆಹೊರೆಯವರ ಸಹಾಯ ಕೇಳಲು ಸಂಕೋಚ ಬೇಡ.
* ಮೀನಖಂಡದಡಿ ದಿಂಬಿಟ್ಟು ಹಿಮ್ಮಡಿಯನ್ನು ಹಾಸಿಗೆಯಿಂದ ಮೇಲಿಡಿ.
* ದಿನಕ್ಕೊಮ್ಮೆ ಮಡಿಕೆಗಳನ್ನು ತೆರೆದು ನೋಡಿ, ತೊಳೆದು, ಮೃದುವಾಗಿ ಒತ್ತಿ ಒರೆಸಿ.
* ಕೆಂಪಾದ ಜಾಗವನ್ನು ತಿಕ್ಕಬೇಡಿ. ನಡುವೆ ತೂತಿರುವ ರಬ್ಬರ್ ಉಂಗುರವನ್ನು ಬಳಸಬೇಡಿ. ಅದು ಸುತ್ತಲಿನ ರಕ್ತಸಂಚಾರವನ್ನು ತಡೆಯುತ್ತದೆ.
* ಗಾಳಿ ಹಾಸಿಗೆ ಸಹಾಯಕ, ಆದರೆ ಅದಿದ್ದರೂ ಮಗ್ಗುಲು ಬದಲಿಸಲೇಬೇಕು.

ಬೆರಳಿನಿಂದ ಒತ್ತಿದಾಗ ಬಿಳಿಯಾಗದ ಕೆಂಪು ಕಲೆ ಮೊದಲ ಎಚ್ಚರಿಕೆ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದೆ ಇರಬಹುದು. ಆಗ ಆ ಜಾಗದ ಬಿಸಿ, ಗಡಸುತನ ಅಥವಾ ನೋವನ್ನು ಗಮನಿಸಿ. ಮೂಳೆಯ ಬಳಿ ಆದ ಹಾನಿ ಮೇಲೆ ಕಾಣಲು ಎರಡು ಮೂರು ದಿನ ಹಿಡಿಯಬಹುದು. ಚರ್ಮ ನೇರಳೆ ಬಣ್ಣಕ್ಕೆ ತಿರುಗಿದರೆ, ಕೀವು, ದುರ್ವಾಸನೆ ಅಥವಾ ಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಾಣಿ. ಸೋಂಕು ರಕ್ತಕ್ಕೆ ಹರಡಿದರೆ ಪ್ರಾಣಕ್ಕೇ ಅಪಾಯ. ಮೊದಲ ಹಂತದಲ್ಲಿ ಕಂಡ ಹುಣ್ಣು ಭಾರ ತಪ್ಪಿಸಿದರೆ ಬಹುಮಟ್ಟಿಗೆ ಕೆಲವೇ ದಿನಗಳಲ್ಲಿ ಗುಣವಾಗುತ್ತದೆ. ಮೂಳೆ ಮುಟ್ಟಿದ ಹುಣ್ಣಿಗೆ ಎಷ್ಟೋ ತಿಂಗಳು ಬೇಕಾಗುತ್ತದೆ.